ಮತದಾರ ಸಿದ್ಧ, ಚುನಾವಣೆ ಎಲ್ಲಿ?

ಸರ್ಕಾರಿ ಸೇವೆಯಲ್ಲಿದ್ದಾಗ ಹಲವು ಚುನಾವಣೆಗಳ ಕರ್ತವ್ಯ ನಿರ್ವಹಿಸಿದ್ದೇನೆ. ಅವುಗಳಲ್ಲಿ ಹರಿಹರ ತಾಲ್ಲೂಕಿನ ಕೊಕ್ಕನೂರಿನ ಮತಗಟ್ಟೆಯೊಂದರ ಬೆಳಗು ಇಂದಿಗೂ ನೆನಪಿನಲ್ಲಿದೆ. ಮತದಾನ ಆರಂಭವಾಗುವ ಮೊದಲೇ ಅಲ್ಲಿ ಉದ್ದನೆಯ ಸಾಲು ನಿಂತಿತ್ತು. ಇಷ್ಟು ಬೇಗ ಬಂದಿರೇಕೆ ಎಂದು ಹಿರಿಯ ರೈತರೊಬ್ಬರನ್ನು ಕೇಳಿದೆ. ‘ನೀರು ನಮಿಗೆ ಕೊನಿಗೆ ಬರತೈತಿ ಸಾಹೇಬ್ರೆ, ಓಟಿಗಾದ್ರೂ ಮೊದ್ಲು ನಿಂತ್ಕತೀವಿ’ ಎಂದರು. ಭದ್ರಾ ಅಚ್ಚುಕಟ್ಟಿನ ಕೊನೆಯ ಭಾಗದ ಭತ್ತದ ಬೆಳೆಗಾರರ ಬದುಕು ಆ ಒಂದೇ ಮಾತಿನಲ್ಲಿತ್ತು.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದಾಗ ನಾನು ಓದಿದ್ದು ಬೇರೆಯೇ ಆಗಿತ್ತು. ಒಬ್ಬನ ಮತದಿಂದ ಫಲಿತಾಂಶ ಬದಲಾಗುವ ಸಂಭವ ತೀರಾ ಕಡಿಮೆ. ಆದ್ದರಿಂದ ಲಾಭ ನಷ್ಟ ಲೆಕ್ಕ ಹಾಕುವವನಿಗೆ ಮತಗಟ್ಟೆಗೆ ಹೋಗಲು ಬಲವಾದ ಕಾರಣವಿಲ್ಲ ಎಂಬ ತರ್ಕವನ್ನು ಆಂಥೊನಿ ಡೌನ್ಸ್ 1957ರಲ್ಲಿ ಮುಂದಿಟ್ಟಿದ್ದರು. ಈ ತರ್ಕ ಒಪ್ಪುವುದು ನಮ್ಮ ಸುಶಿಕ್ಷಿತ ನಗರಗಳಿಗೇ ಹೆಚ್ಚು. 2024ರ ಲೋಕಸಭಾ ಚುನಾವಣೆಯಲ್ಲಿ ಬೆಂಗಳೂರು ದಕ್ಷಿಣದಲ್ಲಿ ಮತ ಚಲಾಯಿಸಿದವರು ಶೇ 53ರಷ್ಟು ಮಾತ್ರ. ದಾವಣಗೆರೆಯಲ್ಲಿ ಅದು ಶೇ 76 ದಾಟಿತು. ಇಲ್ಲಿನವರಿಗೆ ಮತದ ಬೆಲೆ ಅನುಭವದಿಂದಲೂ ಗೊತ್ತು. 2009ರಲ್ಲಿ ಈ ಲೋಕಸಭಾ ಕ್ಷೇತ್ರದ ಗೆಲುವಿನ ಅಂತರ 2,024 ಮತಗಳು. ಅಂದರೆ ಮತಗಟ್ಟೆಗೆ ಒಂದೆರಡು.

ಈ ಮತದಾರರ ಒಲವು ಯಾವ ಕಡೆ? ದಾವಣಗೆರೆಯನ್ನು ಒಂದು ಪಕ್ಷದ ಅಥವಾ ಒಂದು ಮನೆತನದ ಕೋಟೆ ಎನ್ನುವುದು ರೂಢಿ. ಆದರೆ ಹತ್ತಿ ಗಿರಣಿಗಳ ಇದೇ ಊರು 1978, 1983 ಮತ್ತು 1985ರಲ್ಲಿ ಕಮ್ಯುನಿಸ್ಟ್ ನಾಯಕ ಪಂಪಾಪತಿ ಅವರನ್ನು ವಿಧಾನಸಭೆಗೆ ಕಳುಹಿಸಿತ್ತು. ಹರಿಹರದ ದಾಖಲೆ ಇನ್ನೂ ಕುತೂಹಲಕರ. 2008ರಲ್ಲಿ ಬಿಜೆಪಿ, 2013ರಲ್ಲಿ ಜೆಡಿಎಸ್, 2018ರಲ್ಲಿ ಕಾಂಗ್ರೆಸ್, 2023ರಲ್ಲಿ ಮತ್ತೆ ಬಿಜೆಪಿ. ಈಗಿನ ಜಿಲ್ಲಾ ಗಡಿಯೊಳಗಿನ ಏಳು ಕ್ಷೇತ್ರಗಳನ್ನು ನೋಡಿ: 2013ರಲ್ಲಿ ಆರು ಕಾಂಗ್ರೆಸ್ಸಿಗೆ ಒಲಿದಾಗ ಹರಿಹರ ಒಲಿಯಲಿಲ್ಲ. 2018ರಲ್ಲಿ ಐದು ಬಿಜೆಪಿ ಪಾಲಾದಾಗ ಹರಿಹರ ಕಾಂಗ್ರೆಸ್ಸಿನದಾಯಿತು. 2023ರಲ್ಲಿ ಉಳಿದ ಆರೂ ಕಾಂಗ್ರೆಸ್ಸಿಗೆ ದಕ್ಕಿದಾಗ ಹರಿಹರವೊಂದೇ ಬಿಜೆಪಿಯದು.

ಇದನ್ನೆಲ್ಲ ಮತದಾರನ ವಿವೇಕವೆಂದು ಹೊಗಳಿ ಸುಮ್ಮನಾಗುವುದು ಸುಲಭ. ತ್ರಿಕೋನ ಸ್ಪರ್ಧೆಯಲ್ಲಿ ಮತಗಳು ಹಂಚಿಹೋಗುವುದು, ಜಾತಿಯ ಲೆಕ್ಕಾಚಾರ, ಹಣದ ಓಡಾಟ ಇವೂ ಫಲಿತಾಂಶವನ್ನು ರೂಪಿಸುತ್ತವೆ ಎಂಬುದನ್ನು ಚುನಾವಣೆ ನಡೆಸಿದ ಯಾವ ಅಧಿಕಾರಿಯೂ ಅಲ್ಲಗಳೆಯಲಾರ. ಆದರೂ ಶಾಸಕರನ್ನು ಮತ್ತೆ ಮತ್ತೆ ಬದಲಾಯಿಸುವ ಕ್ಷೇತ್ರದಲ್ಲಿ ತೀರದ ಬೇಡಿಕೆಯೊಂದು ಇದ್ದೇ ಇರುತ್ತದೆ. ಹರಿಹರದ ಹೆಸರನ್ನು ದೇಶಕ್ಕೆ ಪರಿಚಯಿಸಿದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಮುಚ್ಚಿ ಎರಡು ದಶಕಗಳು ಕಳೆದವು. ನಾಲೆಯ ಕೊನೆಯ ಗದ್ದೆಗೆ ನೀರು ಹರಿಸಿ ಎಂಬ ಕೂಗು ಬೇಸಿಗೆ ಬೆಳೆಯ ಕಾಲದಲ್ಲಿ ಮತ್ತೆ ಮತ್ತೆ ಏಳುತ್ತದೆ. ಐದು ವರ್ಷಕ್ಕೊಮ್ಮೆ ಬೆರಳಿಗೆ ಹಚ್ಚುವ ಶಾಯಿಯಿಂದ ಮಾತ್ರ ಇವಕ್ಕೆ ಪರಿಹಾರ ಸಿಗದು. ಶಾಸಕರಿಗಿಂತ ಹತ್ತಿರದಲ್ಲಿ, ವರ್ಷವಿಡೀ ಪ್ರಶ್ನಿಸಬಹುದಾದ ಪ್ರತಿನಿಧಿ ಬೇಕು.

ಅಂಥ ಪ್ರತಿನಿಧಿಯನ್ನು ಕೊಡಬೇಕಾದ ವ್ಯವಸ್ಥೆಯನ್ನೇ ನಾವು ನಿಲ್ಲಿಸಿಬಿಟ್ಟೆವು. ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳಿಗೆ 2016ರಲ್ಲಿ ಆಯ್ಕೆಯಾದವರ ಅವಧಿ 2021ರಲ್ಲಿ ಮುಗಿಯಿತು. ಅವಧಿ ಮುಗಿಯುವ ಮೊದಲೇ ಚುನಾವಣೆ ಪೂರ್ಣಗೊಳ್ಳಬೇಕು ಎನ್ನುತ್ತದೆ ಸಂವಿಧಾನದ 243ಇ ವಿಧಿ. ಆದರೆ ಕ್ಷೇತ್ರ ಪುನರ್‌ವಿಂಗಡಣೆ, ಮೀಸಲಾತಿ ಪಟ್ಟಿ, ನ್ಯಾಯಾಲಯದ ವ್ಯಾಜ್ಯ ಎನ್ನುತ್ತ ವರ್ಷಗಳೇ ಉರುಳಿದವು. ಬಿಜೆಪಿ ಸರ್ಕಾರ ಆರಂಭಿಸಿದ ವಿಳಂಬವನ್ನು 2023ರಲ್ಲಿ ಬಂದ ಕಾಂಗ್ರೆಸ್ ಸರ್ಕಾರ ಮುಂದುವರಿಸಿತು. ಜನಪ್ರತಿನಿಧಿಗಳ ಕುರ್ಚಿಯಲ್ಲಿ ಆಡಳಿತಾಧಿಕಾರಿಗಳು ಕುಳಿತರು. ಅಧಿಕಾರಿ ದಕ್ಷನಿರಬಹುದು; ಆದರೆ ಅವನು ಉತ್ತರಿಸುವುದು ಮೇಲಿನವರಿಗೆ, ಕೊಕ್ಕನೂರಿಗಲ್ಲ. ನಾನೇ ಆ ಸಾಲಿನವನಾಗಿದ್ದರಿಂದ ಇದನ್ನು ಸಂಕೋಚವಿಲ್ಲದೆ ಹೇಳಬಲ್ಲೆ.

1987ರಲ್ಲಿ ಜಿಲ್ಲಾ ಪರಿಷತ್ತುಗಳಿಗೆ ಚುನಾವಣೆ ನಡೆಸಿ, ಅಧಿಕಾರ ವಿಕೇಂದ್ರೀಕರಣದಲ್ಲಿ ದೇಶಕ್ಕೇ ದಾರಿ ತೋರಿದ ರಾಜ್ಯ ನಮ್ಮದು. ಅಬ್ದುಲ್ ನಜೀರ್‌ಸಾಬ್ ಅವರ ಹೆಸರನ್ನು ಭಾಷಣಗಳಲ್ಲಿ ಸ್ಮರಿಸುವವರೇ ಅವರು ಕಟ್ಟಿದ್ದನ್ನು ಖಾಲಿ ಬಿಟ್ಟದ್ದು ವಿಪರ್ಯಾಸ.

ಮತದಾನ ಜಾಗೃತಿಗೆಂದು ಸರ್ಕಾರ ಜಾಥಾ ನಡೆಸುತ್ತದೆ, ರಂಗೋಲಿ ಬಿಡಿಸುತ್ತದೆ, ಪ್ರಮಾಣವಚನ ಬೋಧಿಸುತ್ತದೆ. ಕೊಕ್ಕನೂರಿನ ಆ ಹಿರಿಯರಿಗೆ ಇದಾವುದರ ಅಗತ್ಯವೂ ಇರಲಿಲ್ಲ. ಜಾಗೃತಿ ಬೇಕಾಗಿರುವುದು ಚುನಾವಣೆಯನ್ನು ಮುಂದೂಡುವವರಿಗೆ. ಪಂಚಾಯಿತಿ ಚುನಾವಣೆಯನ್ನು ಸಕಾಲದಲ್ಲಿ ನಡೆಸದ ಸರ್ಕಾರಕ್ಕೆ, ಅದು ಯಾವ ಪಕ್ಷದ್ದೇ ಆಗಿರಲಿ, ಮತದಾನ ಪವಿತ್ರ ಕರ್ತವ್ಯವೆಂದು ಪ್ರಜೆಗಳಿಗೆ ಬೋಧಿಸುವ ನೈತಿಕ ಹಕ್ಕಿಲ್ಲ.