ತಿಥಿ ಗೊತ್ತುಮಾಡಿ ಬರುವ ಅತಿಥಿ

ಅತಿಥಿ ಎಂಬ ಶಬ್ದಕ್ಕೆ ತಿಥಿಯನ್ನು ನೋಡದೆ, ಮುನ್ಸೂಚನೆಯಿಲ್ಲದೆ ಬರುವವನು ಎಂದು ಹಿರಿಯರು ಅರ್ಥ ಹೇಳುತ್ತ ಬಂದಿದ್ದಾರೆ. ಹೊತ್ತಲ್ಲದ ಹೊತ್ತಿನಲ್ಲಿ ಬಂದವನಿಗೂ ಕಾಲಿಗೆ ನೀರು ಕೊಟ್ಟು, ಎಲೆ ಹಾಕಿ ಉಣಬಡಿಸಿದ ಮೇಲೆಯೇ ಯಾವ ಊರು, ಏನು ಕೆಲಸ ಎಂದು ವಿಚಾರಿಸುವುದು ನಮ್ಮ ಮನೆತನಗಳ ರೂಢಿ. ಈಚಿನ ವರ್ಷಗಳಲ್ಲಿ ಇನ್ನೊಂದು ಬಗೆಯ ಅತಿಥಿ ನಮ್ಮ ಹೊಸ್ತಿಲಿಗೆ ಬರತೊಡಗಿದ್ದಾನೆ. ಅವನು ತಿಂಗಳ ಮೊದಲೇ ತಿಥಿ, ವಾರ, ಗಂಟೆಗಳನ್ನು ಗೊತ್ತುಮಾಡಿ, ಮೊಬೈಲಿನಲ್ಲಿ ಹಣ ತೆತ್ತು, ಮನೆಯ ಚಿತ್ರಗಳನ್ನೆಲ್ಲ ನೋಡಿಕೊಂಡೇ ಬರುತ್ತಾನೆ. ಹೋದ ಮೇಲೆ ಅನ್ನದಾತರಿಗೆ ನಕ್ಷತ್ರಗಳ ಲೆಕ್ಕದಲ್ಲಿ ಅಂಕ ಕೊಡುತ್ತಾನೆ. ಇಂತಹ ಅತಿಥಿಯನ್ನು ಮನೆಗೆ ಕರೆಯಬಹುದೇ ಎಂದು ಕೇಳುವ ಕುಟುಂಬಗಳು ಹೆಚ್ಚುತ್ತಿರುವುದರಿಂದ ಈ ತಿಂಗಳು ಅದೇ ವಿಷಯವನ್ನು ಎತ್ತಿಕೊಂಡಿದ್ದೇವೆ.

ಕೊಡಗು, ಚಿಕ್ಕಮಗಳೂರು, ಸಕಲೇಶಪುರಗಳ ಕಾಫಿ ತೋಟಗಳಲ್ಲಿ ಹೋಂಸ್ಟೇ ಎಂಬ ಪದ ಇಂದು ಮನೆಮಾತಾಗಿದೆ. 2000ದ ಆಚೀಚೆ ಕಾಫಿಯ ಬೆಲೆ ನೆಲಕಚ್ಚಿದಾಗ ಅನೇಕ ಬೆಳೆಗಾರರ ಕುಟುಂಬಗಳಿಗೆ ಮನೆಯ ಎರಡು ಕೋಣೆಗಳ ಬಾಡಿಗೆಯೇ ಆಸರೆಯಾಯಿತು. ಹಂಪಿ, ಮೈಸೂರುಗಳಲ್ಲಿಯೂ ಈ ಉದ್ಯೋಗ ಬೆಳೆದಿದೆ. ಏರ್‌ಬಿಎನ್‌ಬಿ ಎಂಬ ಜಗದ್ವಿಖ್ಯಾತ ಕಂಪನಿಯ ಹುಟ್ಟೂ ಹೀಗೆಯೇ. 2007ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ನಗರದಲ್ಲಿ ಬಾಡಿಗೆ ಕಟ್ಟಲು ಪರದಾಡುತ್ತಿದ್ದ ಇಬ್ಬರು ಗೆಳೆಯರು, ಸಮ್ಮೇಳನಕ್ಕೆ ಬಂದವರಿಗೆ ತಮ್ಮ ಕೋಣೆಯಲ್ಲಿ ಗಾಳಿ ತುಂಬಿದ ಹಾಸಿಗೆ ಹಾಸಿಕೊಟ್ಟು, ಬೆಳಗಿನ ತಿಂಡಿ ಕೊಟ್ಟು ಹಣ ಪಡೆದರು. ಮರುವರ್ಷ ಅದು ಕಂಪನಿಯಾಯಿತು. ಮನೆಯೆಂಬುದು ಸರಕಾಗಬಲ್ಲದೆಂದು ಲೋಕಕ್ಕೆ ತಿಳಿದುದು ಆಗ.

ಸರಕಿಗಿರುವ ಅಪಾಯ ಮನೆಗೂ ಬಂದಿತು. 2011ರಲ್ಲಿ ಅದೇ ನಗರದ ಮಹಿಳೆಯೊಬ್ಬರು ತಾವು ಊರಿನಲ್ಲಿಲ್ಲದ ವಾರ ಮನೆಯನ್ನು ಅಪರಿಚಿತರಿಗೆ ಕೊಟ್ಟು ಹೋಗಿದ್ದರು. ಬಂದವರು ಬೀಗ ಹಾಕಿದ್ದ ಬೀರುವಿನ ಕದವನ್ನು ಒಡೆದು ಪಾಸ್‌ಪೋರ್ಟ್, ಹಣ ಹಾಗೂ ಅಜ್ಜಿಯ ಕಾಲದ ಒಡವೆಗಳನ್ನು ಒಯ್ದರು. ಈ ಗದ್ದಲದ ನಂತರವೇ ಕಂಪನಿಯು ಮನೆಯವರಿಗೆ ಐವತ್ತು ಸಾವಿರ ಡಾಲರುಗಳ ನಷ್ಟಭರ್ತಿಯ ಭರವಸೆ ಘೋಷಿಸಿತು. ಮರುವರ್ಷ ಅದನ್ನು ಹತ್ತು ಲಕ್ಷ ಡಾಲರಿಗೆ ಏರಿಸಿತು. ಡಾಲರುಗಳಿಂದ ಗೋಡೆಗೆ ಬಣ್ಣ ಹೊಡೆಸಬಹುದು. ಅಜ್ಜಿಯ ಒಡವೆಯನ್ನು ಮರಳಿ ತರಲಾಗದು.

2014ರಲ್ಲಿ ಕ್ಯಾಲಿಫೋರ್ನಿಯಾದ ಪಾಮ್ ಸ್ಪ್ರಿಂಗ್ಸ್‌ನಲ್ಲಿ 44 ದಿನಗಳಿಗೆಂದು ಬಂದವನು 30 ದಿನ ಕಳೆದ ಮೇಲೆ ಹಣವನ್ನೂ ಕೊಡಲಿಲ್ಲ, ಮನೆಯನ್ನೂ ಬಿಡಲಿಲ್ಲ. ಅಲ್ಲಿಯ ಕಾನೂನಿನಂತೆ 30 ದಿನ ತುಂಬಿದವನಿಗೆ ಬಾಡಿಗೆದಾರನ ಹಕ್ಕು ಬರುತ್ತದೆ. ಒಡತಿ ತನ್ನದೇ ಮನೆಗಾಗಿ ವಕೀಲರ ಬಾಗಿಲಿಗೆ ಅಲೆಯಬೇಕಾಯಿತು. 2019ರ ಅಕ್ಟೋಬರ್ 31ರ ರಾತ್ರಿ ಅದೇ ರಾಜ್ಯದ ಒರಿಂಡಾ ಎಂಬಲ್ಲಿ ನಡೆದುದು ಇನ್ನೂ ಘೋರ. ಕಾಡ್ಗಿಚ್ಚಿನ ಹೊಗೆಯಿಂದ ಉಬ್ಬಸಪಡುವ ಹನ್ನೆರಡು ಮಂದಿ ಬಂಧುಗಳಿಗೆ ಆಶ್ರಯ ಬೇಕೆಂದು ಹೇಳಿ ಮನೆ ಪಡೆಯಲಾಗಿತ್ತು. ಸೇರಿದವರು ನೂರಕ್ಕೂ ಹೆಚ್ಚು. ಮೋಜಿನ ನಡುವೆ ಗುಂಡು ಹಾರಿ ಐವರು ಸತ್ತರು. ಕಂಪನಿಯು 2020ರಲ್ಲಿ ಇಂತಹ ಕೂಟಗಳನ್ನು ನಿಷೇಧಿಸಿ, 2022ರಲ್ಲಿ ಆ ನಿಷೇಧವನ್ನು ಕಾಯಂ ಮಾಡಿತು. ಕರುಣೆಯ ಮಾತಿಗೆ ಕದ ತೆರೆಯುವುದು ಮನುಷ್ಯ ಸ್ವಭಾವ. ಆ ಸ್ವಭಾವವನ್ನೇ ಬಂಡವಾಳ ಮಾಡಿಕೊಳ್ಳುವವರೂ ಉಂಟೆಂಬುದನ್ನು ಮರೆಯುವಂತಿಲ್ಲ.

ಅದು ಅಮೆರಿಕೆಯ ಮಾತಾಯಿತು, ನಮಗೇನು ಎಂದು ಕೆಲವರು ಕೇಳಬಹುದು. ಕೋವಿಗಳ ಹಾವಳಿ ನಮ್ಮಲ್ಲಿ ಅಷ್ಟಿಲ್ಲವೆಂಬುದು ನಿಜ. ನಮ್ಮಲ್ಲಿಯ ಕಿರುಕುಳ ಬೇರೆ ಬಗೆಯದು. ನಮಗೆ ಪರಿಚಿತವಾದ ಮಲೆನಾಡಿನ ಕುಟುಂಬವೊಂದು ಮಗಳ ಓದಿನ ಖರ್ಚಿಗಾಗಿ ಮೇಲಂತಸ್ತಿನ ಎರಡು ಕೋಣೆಗಳನ್ನು ಕೊಡತೊಡಗಿತು. ಮೊದಲ ವರ್ಷ ಎಲ್ಲವೂ ಸುಗಮವಾಗಿತ್ತು. ಕ್ರಮೇಣ ನಾಲ್ವರೆಂದು ಹೇಳಿ ಒಂಬತ್ತು ಜನ ಬರುವುದು, ನಡುರಾತ್ರಿಯವರೆಗೆ ಕುಣಿತ, ಬಚ್ಚಲಿನಲ್ಲಿ ಬಾಟಲಿಗಳು, ಸಸ್ಯಾಹಾರದ ಅಡುಗೆಮನೆಗೆ ಕೇಳದೆ ನುಗ್ಗಿ ಹೊರಗಿನಿಂದ ತಂದ ಮಾಂಸವನ್ನು ಬಿಸಿಮಾಡುವುದು ಇವೆಲ್ಲ ಮೊದಲಾದವು. ಆಕ್ಷೇಪಿಸಿದರೆ ಕಡಿಮೆ ನಕ್ಷತ್ರ ಕೊಡುತ್ತೇವೆಂಬ ಬೆದರಿಕೆ. ಮಗಳು ಪರೀಕ್ಷೆಯ ದಿನಗಳಲ್ಲಿ ಪಕ್ಕದ ಮನೆಯಲ್ಲಿ ಕುಳಿತು ಓದಬೇಕಾಯಿತು. ಯಾರ ಓದಿಗಾಗಿ ಕೋಣೆ ಕೊಟ್ಟಿದ್ದರೋ ಅವಳಿಗೇ ಮನೆಯಲ್ಲಿ ಎಡೆಯಿಲ್ಲದಾಯಿತು. ಎಂಬತ್ತು ದಾಟಿದ ಅಜ್ಜಿಯವರು ಒಂದು ದಿನ ಮಗನನ್ನು ಕರೆದು ಕೇಳಿದರಂತೆ: "ಬಂದವರು ನೆಂಟರೂ ಅಲ್ಲ, ಬಾಡಿಗೆಯವರೂ ಅಲ್ಲ. ಇವರನ್ನು ಯಾವ ಲೆಕ್ಕಕ್ಕೆ ಸೇರಿಸೋಣ ಹೇಳಪ್ಪಾ?"

ಇಡೀ ಸಮಸ್ಯೆಯ ಮೂಲ ಅಜ್ಜಿಯವರ ಈ ಪ್ರಶ್ನೆಯಲ್ಲಿದೆಯೆಂದು ನಾವು ಭಾವಿಸುತ್ತೇವೆ. ಹಣ ಪಡೆದು ಇರಗೊಡಿಸುವುದು ದಾಸೋಹವಲ್ಲ, ಅದು ಕಾಯಕ. ಕಾಯಕವೆಂದರೆ ಕೀಳಲ್ಲ. ಆದರೆ ಅದಕ್ಕೆ ಲೆಕ್ಕ ಬೇಕು, ನಿಯಮ ಬೇಕು, ಇಲ್ಲವೆನ್ನುವ ಧೈರ್ಯ ಬೇಕು. ನಾವಾದರೋ ಹಣವನ್ನು ವ್ಯಾಪಾರದಂತೆ ಪಡೆದು, ನಿಯಮ ಹೇಳುವಾಗ ಮಾತ್ರ ನೆಂಟರಿಗೆ ಹೇಳುವಂತೆ ಸಂಕೋಚಪಡುತ್ತೇವೆ. ಬಂದವನೂ ಅಷ್ಟೇ, ಹಣ ಕೊಟ್ಟಿದ್ದೇನೆಂದು ಹೋಟೆಲಿನ ಗಿರಾಕಿಯಂತೆ ಅಧಿಕಾರ ಮಾಡಿ, ಮುರಿದ ಕುರ್ಚಿಯ ಬೆಲೆ ಕೇಳಿದಾಗ ಮಾತ್ರ ಮನೆಯವರಂತೆ ಸಲಿಗೆ ತೋರುತ್ತಾನೆ. ಈ ಗೊಂದಲದಲ್ಲಿ ಇಬ್ಬರಿಗೂ ನೆಮ್ಮದಿಯಿಲ್ಲ.

ನಕ್ಷತ್ರಗಳ ಅಂಜಿಕೆಯ ಬಗೆಗೂ ಒಂದು ಮಾತು. ಮೇಲೆ ಹೇಳಿದ ಕಂಪನಿಯಲ್ಲಿ ಶ್ರೇಷ್ಠ ಆತಿಥೇಯರೆಂಬ ಮನ್ನಣೆಗೆ ಐದಕ್ಕೆ ಸರಾಸರಿ 4.8 ಅಂಕ ಬೇಕು. ಹೀಗಾಗಿ ಚೆನ್ನಾಗಿದೆ ಎಂದು ನಾಲ್ಕು ನಕ್ಷತ್ರ ಕೊಟ್ಟವನೂ ಮನೆಯವರ ಪಾಲಿಗೆ ಹಾನಿ ಮಾಡಿದಂತೆಯೇ. ಆದರೆ ಅಭಿಪ್ರಾಯ ಬರೆಯುವ ಹಕ್ಕು ಎರಡೂ ಕಡೆಗೆ ಇದೆ. 14 ದಿನಗಳ ಒಳಗೆ ಇಬ್ಬರೂ ಬರೆಯಬಹುದು. ಇಬ್ಬರೂ ಬರೆಯುವವರೆಗೆ ಅಥವಾ ಅವಧಿ ಮುಗಿಯುವವರೆಗೆ ಒಬ್ಬರದು ಇನ್ನೊಬ್ಬರಿಗೆ ಕಾಣದು. ನಷ್ಟದ ಬೇಡಿಕೆಯನ್ನು ಸಲ್ಲಿಸುವುದಕ್ಕೂ ಅತಿಥಿ ಹೊರಟ ದಿನದಿಂದ 14 ದಿನಗಳ ಗಡುವೇ ಇದೆ. ಸಂಕೋಚದಿಂದ ಸುಮ್ಮನಿದ್ದರೆ ನಷ್ಟ ನಮ್ಮದಾಗುವುದಲ್ಲದೆ, ಮುಂದಿನ ಮನೆಯವರಿಗೂ ಎಚ್ಚರಿಕೆ ತಪ್ಪುತ್ತದೆ.

ನೆರೆಹೊರೆಯ ಮಾತೂ ಇದೆ. ನಮ್ಮ ಕೋಣೆಯ ಆದಾಯ ನಮಗೆ, ಅದರ ಗದ್ದಲ ಇಡೀ ಬೀದಿಗೆ ಎಂಬುದು ನ್ಯಾಯವಲ್ಲ. ದೊಡ್ಡ ನಗರಗಳು ಈ ಕಾರಣದಿಂದಲೇ ಬಿಗಿ ಮಾಡುತ್ತಿವೆ. ನ್ಯೂಯಾರ್ಕ್ ನಗರದಲ್ಲಿ 2023ರ ಸೆಪ್ಟೆಂಬರಿನಿಂದ, 30 ದಿನಗಳಿಗಿಂತ ಕಡಿಮೆ ಅವಧಿಗೆ ಮನೆ ಕೊಡುವವರು ನೋಂದಣಿ ಮಾಡಿಸಬೇಕು, ತಾವೂ ಮನೆಯಲ್ಲಿರಬೇಕು, ಇಬ್ಬರಿಗಿಂತ ಹೆಚ್ಚು ಅತಿಥಿಗಳನ್ನು ಇರಿಸಿಕೊಳ್ಳಬಾರದು. ಸ್ಪೇನಿನ ಬಾರ್ಸಿಲೋನಾ ನಗರವು ತನ್ನಲ್ಲಿಯ 10,101 ಪ್ರವಾಸಿ ಮನೆಗಳ ಪರವಾನಗಿಯನ್ನು 2028ರ ನವೆಂಬರ್ ವೇಳೆಗೆ ಕೊನೆಗೊಳಿಸುವುದಾಗಿ 2024ರಲ್ಲಿ ಸಾರಿತು. ನಮ್ಮ ಕೇಂದ್ರ ಪ್ರವಾಸೋದ್ಯಮ ಇಲಾಖೆಯ ಯೋಜನೆಯೂ ಒಂದರಿಂದ ಆರು ಕೋಣೆಗಳ ಮಿತಿ ಇಟ್ಟು, ಮಾಲೀಕರ ಕುಟುಂಬ ಅಲ್ಲಿಯೇ ವಾಸವಾಗಿರಬೇಕೆಂದು ಹೇಳುತ್ತದೆ. ಮನೆಯವರು ಇರುವ ಮನೆಯಲ್ಲಿ ಅತಿಥಿಯ ಧ್ವನಿ ತಾನಾಗಿ ತಗ್ಗುವುದೆಂಬುದೇ ಇವುಗಳ ಹಿಂದಿನ ವಿವೇಕ.

ಈ ದಾರಿ ಹಿಡಿಯಬಯಸುವ ಕುಟುಂಬಗಳಿಗೆ ಕೆಲವು ಸಂಗತಿಗಳನ್ನು ಸೂಚಿಸಲು ಇಚ್ಛಿಸುತ್ತೇವೆ. ಮೊದಲನೆಯದಾಗಿ, ಮನೆಯವರೆಲ್ಲ, ಮುಖ್ಯವಾಗಿ ಹೆಂಗಸರು ಮತ್ತು ಹಿರಿಯರು, ಒಪ್ಪಿದ ಮೇಲೆಯೇ ಕೋಣೆ ಕೊಡಬೇಕು. ಹಾಸಿಗೆ ಒಗೆಯುವ, ತಿಂಡಿ ಮಾಡುವ ಭಾರ ಬೀಳುವುದು ಅವರ ಮೇಲೆಯೇ. ಎರಡನೆಯದಾಗಿ, ಮನೆಯ ನಿಯಮಗಳು ಮೊದಲೇ ಬರಹದಲ್ಲಿರಲಿ. ಎಷ್ಟು ಜನ, ಎಷ್ಟು ಗಂಟೆಯವರೆಗೆ ಸದ್ದು, ಮದ್ಯಮಾಂಸಗಳಿಗೆ ಅವಕಾಶವಿಲ್ಲ ಎಂಬುದನ್ನು ಜಾಹೀರಾತಿನಲ್ಲೇ ಹೇಳಿದರೆ ಒಪ್ಪದವರು ಬರುವುದೇ ಇಲ್ಲ. ಮೂರನೆಯದಾಗಿ, ಬಂದ ಪ್ರತಿಯೊಬ್ಬರ ಗುರುತಿನ ಚೀಟಿ ನೋಡಿ ಪುಸ್ತಕದಲ್ಲಿ ದಾಖಲಿಸಬೇಕು. ವಿದೇಶೀಯರಾದರೆ 24 ಗಂಟೆಗಳೊಳಗೆ ಸಂಬಂಧಿಸಿದ ಅಧಿಕಾರಿಗಳಿಗೆ ತಿಳಿಸಲೇಬೇಕು. ಒಂದೇ ಕೋಣೆ ಕೊಟ್ಟವರಿಗೂ ಇದರಿಂದ ವಿನಾಯಿತಿಯಿಲ್ಲ. ನಾಲ್ಕನೆಯದಾಗಿ, ಅತಿಥಿ ಬರುವ ಮೊದಲು ಮತ್ತು ಹೋದ ಮೇಲೆ ಕೋಣೆಯ ಚಿತ್ರ ತೆಗೆದಿಡಬೇಕು. ಒಡವೆ, ದಸ್ತಾವೇಜುಗಳನ್ನು ಬ್ಯಾಂಕಿನ ಲಾಕರಿನಲ್ಲಿ ಇಡುವುದು ಲೇಸು. ವಾಸದ ಮನೆಗೆಂದು ಮಾಡಿಸಿದ ವಿಮೆ ಈ ಉದ್ಯೋಗಕ್ಕೂ ಅನ್ವಯಿಸುವುದೇ ಎಂದು ಬರಹದಲ್ಲಿ ಕೇಳಿಕೊಳ್ಳಬೇಕು.

ಒಂದು ಎಚ್ಚರ. ಗುರುತನ್ನು ಕೇಳಿರಿ, ಜಾತಿಯನ್ನು ಕೇಳಬೇಡಿರಿ. ಅಮೆರಿಕೆಯಲ್ಲಿ ಹಾರ್ವರ್ಡ್ ವಿದ್ವಾಂಸರು 2017ರಲ್ಲಿ ಪ್ರಕಟಿಸಿದ ಅಧ್ಯಯನವು, ಕರಿಯರದೆಂದು ತೋರುವ ಹೆಸರಿನವರಿಗೆ ಕೋಣೆ ಸಿಗುವ ಸಂಭವ ಶೇಕಡ 16ರಷ್ಟು ಕಡಿಮೆಯೆಂದು ತೋರಿಸಿತು. ಹೆಸರು ನೋಡಿ ಕದ ಮುಚ್ಚುವುದು ಎಚ್ಚರಿಕೆಯಲ್ಲ, ಅವಮಾನ. ನಿಯಮ ಎಲ್ಲರಿಗೂ ಒಂದೇ ಆಗಿರಲಿ, ನಡತೆಯೊಂದೇ ಅಳತೆಯಾಗಿರಲಿ.

ಕೊನೆಯದಾಗಿ, ಈ ಆದಾಯವನ್ನೇ ನೆಚ್ಚಿ ಸಾಲ ಮಾಡಬಾರದು. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ, 2020ರ ಮಾರ್ಚಿನಲ್ಲಿ ದೇಶವೇ ಬಾಗಿಲು ಹಾಕಿದಾಗ, ಅತಿಥಿಗಳು ಒಮ್ಮೆಗೇ ನಿಂತರು. ಬ್ಯಾಂಕಿನ ಕಂತು ಮಾತ್ರ ತಿಥಿ ತಪ್ಪದೆ ಬರುವ ಅತಿಥಿ.

ಮಲೆನಾಡಿನ ಆ ಕುಟುಂಬ ಈಗ ವರ್ಷದಲ್ಲಿ ಆರು ತಿಂಗಳು ಮಾತ್ರ, ಒಂದೇ ಕೋಣೆಯನ್ನು, ಸಂಸಾರಸ್ಥರಿಗೆ ಕೊಡುತ್ತಿದೆ. ಆದಾಯ ಅರ್ಧಕ್ಕಿಳಿದಿದೆ, ಮನೆಯವರಿಗೆ ನಿದ್ದೆ ಮರಳಿ ಬಂದಿದೆ. ಹಣಕ್ಕೆ ಕೋಣೆಯನ್ನು ಕೊಡಬಹುದು, ಮನೆಯನ್ನು ಕೊಡಬಾರದು. ಈ ಎರಡರ ನಡುವಣ ಗೆರೆಯನ್ನು ಯಾವ ಕಂಪನಿಯೂ ಎಳೆದುಕೊಡಲಾರದು. ಅದನ್ನು ಆಯಾ ಮನೆಯವರೇ ಕುಳಿತು ಎಳೆದುಕೊಳ್ಳಬೇಕು. ದಾರಿತಪ್ಪಿ, ಹಸಿದು, ಹೇಳದೆ ಕೇಳದೆ ಬಂದವನಿಗೆ ಮಾತ್ರ ಹಿಂದಿನಂತೆಯೇ ನಮ್ಮ ಬಾಗಿಲು ತೆರೆದಿರಲಿ. ಅವನಿಂದ ನಾವು ನಕ್ಷತ್ರಗಳನ್ನು ಬಯಸಬೇಕಾಗಿಲ್ಲ.