ರಟ್ಟಿನ ಮಾರುತ್

"ಪರೀಕ್ಷೆ ಹತ್ತಿರ ಬಂತು ಮೇಷ್ಟ್ರೇ, ಇವನು ರಟ್ಟು ಕತ್ತರಿಸಿಕೊಂಡು ಕೂತಿದ್ದಾನೆ. ನೀವಾದರೂ ಬುದ್ಧಿ ಹೇಳಿ" ಎಂದು ಶಿಡ್ಲಘಟ್ಟದ ರೇಷ್ಮೆ ರೀಲರ್ ಒಬ್ಬರು ಮಗನನ್ನು ನನ್ನೆದುರು ನಿಲ್ಲಿಸಿದರು. ಹುಡುಗನ ಕೈಯಲ್ಲಿ ಅರ್ಧ ಮುಗಿದ ವಿಮಾನ. ಬೆಂಗಳೂರಿನ ಎಚ್.ಎ.ಎಲ್.ನಲ್ಲಿ ತಯಾರಾಗಿ 1961ರ ಜೂನ್ 17ರಂದು ಮೊದಲು ಹಾರಿದ ಎಚ್.ಎಫ್.-24 ಮಾರುತ್.

ನಿಜವಾದ ಮಾರುತ್ 15.87 ಮೀಟರ್ ಉದ್ದ. 1:72ರ ಪ್ರಮಾಣದಲ್ಲಿ ಎಷ್ಟಾಗಬೇಕು? "22 ಸೆಂಟಿಮೀಟರ್ ಸಾರ್" ಎಂದ, ಥಟ್ಟನೆ. ರೆಕ್ಕೆಯ ತುದಿಯಿಂದ ತುದಿಗೆ 9 ಮೀಟರ್, ಮಾದರಿಯಲ್ಲಿ 12.5 ಸೆಂ.ಮೀ. ಬರಬೇಕು. ಅಳೆದರೆ 13 ಇತ್ತು. "ನಿಜ ವಿಮಾನದಲ್ಲಿ ಇದು 36 ಸೆಂ.ಮೀ. ತಪ್ಪು" ಎಂದು ಅವನೇ ಲೆಕ್ಕ ಹಾಕಿದ. ಅನುಪಾತದ ಪಾಠದಲ್ಲಿ ಇವನನ್ನು ಇಷ್ಟು ಚುರುಕಾಗಿ ನಾನು ಕಂಡಿರಲಿಲ್ಲ.

ಲೋಹದ ಮಾರುತ್ ಹಾರುವ ಮೊದಲು ಜರ್ಮನಿಯ ಕುರ್ಟ್ ಟ್ಯಾಂಕ್ ಮತ್ತು ನಮ್ಮ ಎಂಜಿನಿಯರುಗಳು ಅದೇ ಅಳತೆಯ ಮರದ ಗ್ಲೈಡರ್ ಮಾಡಿ, 1959ರಲ್ಲಿ ಡಕೋಟಾ ವಿಮಾನದಿಂದ ಎಳೆಸಿ ಹಾರಿಸಿ ನೋಡಿದ್ದರೆಂದು ತಂದೆಗೆ ಹೇಳಿದೆ. "ಅವರಿಗೆ ಸಂಬಳ ಇತ್ತಲ್ಲ ಸಾರ್" ಎಂದು ನಕ್ಕರು. ಅದೂ ಸರಿಯೇ.

ಬಹಳ ವರ್ಷಗಳ ಹಿಂದೆ ಒಬ್ಬ ಹುಡುಗನಿಂದ ಇಂಥದೇ ಮಾದರಿಯೊಂದನ್ನು ಕಿತ್ತುಕೊಂಡು ಬೀರುವಿನಲ್ಲಿಟ್ಟು ಮರೆತಿದ್ದೆ. ನೆನಪಾಗಿ ತೆಗೆದಾಗ ಗೆದ್ದಲು ಹಿಡಿದಿತ್ತು. ಅವನು ಮತ್ತೆ ಕೇಳಲೇ ಇಲ್ಲ. ಇದನ್ನೂ ಹೇಳಿದೆ; ತಂದೆ ಸುಮ್ಮನಾದರು.

ಕೊನೆಗೆ ಭಾನುವಾರ ಎರಡು ಗಂಟೆ ಮಾರುತ್, ಉಳಿದ ದಿನ ಓದು ಎಂದು ಒಪ್ಪಂದವಾಯಿತು. ಪರೀಕ್ಷೆ ಮುಗಿದ ಮೇಲೆ ಅಪ್ಪ-ಮಗ ಬೆಂಗಳೂರಿನ ಎಚ್.ಎ.ಎಲ್. ವಸ್ತುಸಂಗ್ರಹಾಲಯಕ್ಕೆ ಹೋಗಿ ನಿಜವಾದ ಮಾರುತ್ ನೋಡುತ್ತಾರಂತೆ. ಅಳತೆ ಟೇಪು ಒಯ್ಯುತ್ತೇನೆಂದ ಹುಡುಗ. ಕಾವಲುಗಾರನನ್ನು ಮೊದಲು ಕೇಳಪ್ಪ ಎಂದೆ.