ಪುಣ್ಯದ ಕೆಲಸಕ್ಕೆ ಪಗಾರ ಬೇಡವೇ?

ಗಿರಣಿಯಲ್ಲಿ ದುಡಿದ ಹಿರಿಯರಿಗೆ ‘ಬದ್ಲಿ’ ಎಂಬ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಗೇಟಿನ ಮುಂದೆ ಕಾದು ನಿಲ್ಲುವುದು. ಖಾಯಂ ಕೆಲಸಗಾರ ಬಾರದಿದ್ದರೆ ಒಳಗೆ, ಬಂದರೆ ಮನೆಗೆ. ಹೀಗೆಯೇ ಹತ್ತಾರು ವರ್ಷ ಸವೆಸಿದವರು ನಮ್ಮಲ್ಲಿದ್ದಾರೆ. 1982ರ ಮುಷ್ಕರದ ಬಳಿಕ ಗಿರಣಿಗಳು ಒಂದೊಂದಾಗಿ ಬಾಗಿಲೆಳೆದುಕೊಂಡವು. ಬದ್ಲಿ ಪದ್ಧತಿ ಮಾತ್ರ ಸಾಯಲಿಲ್ಲ, ಶಾಲೆಗೆ ಹೋಗಿ ಸೇರಿಕೊಂಡಿತು. ಕಣ್ಣು ಕಾಣದ, ಕಿವಿ ಕೇಳದ, ಬುದ್ಧಿಯ ಬೆಳವಣಿಗೆ ನಿಧಾನವಾದ ಮಕ್ಕಳಿಗೆ ಕಲಿಸುವ ವಿಶೇಷ ಶಿಕ್ಷಕರಲ್ಲಿ ಬಹಳ ಮಂದಿ ಇಂದು ಗುತ್ತಿಗೆಯ ಮೇಲೆ ದುಡಿಯುವವರು.

ನಮ್ಮ ಹೋಟೆಲಿನ ಅಡಿಗೆಯವರೊಬ್ಬರ ಮಗಳಿಗೆ ಹುಟ್ಟಿನಿಂದ ಕಿವಿ ಕೇಳಿಸದು. ಮೂರು ವರ್ಷಗಳಲ್ಲಿ ಆ ಹುಡುಗಿ ಮೂವರು ಟೀಚರುಗಳನ್ನು ಕಂಡಳು. ಒಬ್ಬರು ತುಟಿಯ ಚಲನೆ ನೋಡಿ ಮಾತು ಹಿಡಿಯುವುದನ್ನು ಕಲಿಸಿ, ‘ಅಮ್ಮ’ ಎನ್ನಿಸುವಷ್ಟರಲ್ಲಿ ಕರಾರು ಮುಗಿಯಿತು. ಹೊಸಬರು ಬಂದಾಗ ಮೊದಲಿನಿಂದ ಆರಂಭ. ಹೋದ ಟೀಚರಿಗೆ ಸಿಗುತ್ತಿದ್ದ ಪಗಾರ ತನ್ನದಕ್ಕಿಂತಲೂ ಕಡಿಮೆಯೆಂದು ತಿಳಿದ ದಿನ ಆ ಅಡಿಗೆಯವರು ನಾಚಿ ತಲೆ ತಗ್ಗಿಸಿದರು. ನಾಚಬೇಕಾದವರು ಅವರಲ್ಲ.

ಕಾನೂನಿನ ಚೆಂದ ನೋಡಿ. 1992ರ ಭಾರತೀಯ ಪುನರ್ವಸತಿ ಪರಿಷತ್ತಿನ ಕಾಯಿದೆಯಂತೆ ಈ ಶಿಕ್ಷಕರು ಪರಿಷತ್ತಿನಲ್ಲಿ ಹೆಸರು ನೋಂದಾಯಿಸಲೇಬೇಕು. ನೋಂದಣಿಯಿಲ್ಲದೆ ವೃತ್ತಿ ನಡೆಸಿದರೆ ಒಂದು ವರ್ಷದವರೆಗೆ ಸಜೆ, ಇಲ್ಲವೆ ಸಾವಿರ ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ. ಐದು ವರ್ಷಕ್ಕೊಮ್ಮೆ ನೋಂದಣಿಯ ನವೀಕರಣ, ಅದಕ್ಕಾಗಿ ಮತ್ತೆ ಮತ್ತೆ ತರಬೇತಿ. ಕಲಿಯದೆ ಕಲಿಸಬೇಡ ಎಂದು ಜೈಲಿನ ಹೆದರಿಕೆ ಹಾಕುವ ಕಾಯಿದೆಯು, ಕಲಿತು ಬಂದವನಿಗೆ ಇಷ್ಟು ಸಂಬಳ ಕೊಡಿರೆಂದು ಒಂದು ಸಾಲನ್ನೂ ಬರೆದಿಲ್ಲ!

ನ್ಯಾಯಾಲಯ ಸುಮ್ಮನಿಲ್ಲ. ತಾತ್ಪೂರ್ತಿಕ ನೌಕರನು ಖಾಯಂ ನೌಕರನ ಕೆಲಸವನ್ನೇ ಮಾಡಿದರೆ ಆ ಹುದ್ದೆಯ ವೇತನಶ್ರೇಣಿಯ ಕನಿಷ್ಠ ಮೊತ್ತವಾದರೂ ಅವನಿಗೆ ಸಲ್ಲಬೇಕೆಂದು 2016ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ವಿಶೇಷ ಶಿಕ್ಷಕರ ಖಾಯಂ ಹುದ್ದೆಗಳನ್ನು ಸೃಷ್ಟಿಸಬೇಕೆಂದು 2021ರ ಅಕ್ಟೋಬರಿನಲ್ಲಿ ವಿಧಿಸಿತು. ಪ್ರಾಥಮಿಕದಲ್ಲಿ 10 ಮಕ್ಕಳಿಗೊಬ್ಬರು, ಅದರ ಮೇಲೆ 15 ಮಕ್ಕಳಿಗೊಬ್ಬರು ಎಂಬ ಪ್ರಮಾಣವೂ ಗೊತ್ತಾಯಿತು. ಆದರೂ 2025ರ ಮಾರ್ಚಿನಲ್ಲಿ ಅದೇ ಕೋರ್ಟು, ಹುದ್ದೆಗಳನ್ನು ಗೊತ್ತುಮಾಡಿ ಪ್ರಕಟಿಸಿರೆಂದು ರಾಜ್ಯಗಳಿಗೆ ಮತ್ತೆ ಹೇಳಬೇಕಾಯಿತು. ಮಾಲೀಕನ ಮುಂದೆ ಅವಾರ್ಡಿನ ಪ್ರತಿ ಹಿಡಿದು ನಿಂತವರಿಗೆ ಈ ಕತೆ ಹೊಸದಲ್ಲ.

ಖಾಯಂ ಆಗುವುದೆಂದರೇನು? 7ನೇ ವೇತನ ಆಯೋಗದ ಕೇಂದ್ರ ಶ್ರೇಣಿಯಲ್ಲಿ ಪ್ರಾಥಮಿಕ ಶಿಕ್ಷಕನ ಮೂಲವೇತನವು 35,400 ರೂಪಾಯಿಯಿಂದ ಆರಂಭ. ಭತ್ಯಗಳು ಬೇರೆ, ವರ್ಷಕ್ಕೊಂದು ಬಡ್ತಿ ಬೇರೆ. ಗುತ್ತಿಗೆಯವರಿಗೆ ಠರಾವಿನ ಮೊತ್ತವೊಂದೇ. ಹಿರಿತನದ ಪಟ್ಟಿಯಲ್ಲಿ ಹೆಸರೇ ಇಲ್ಲದವನು ಮುಖ್ಯೋಪಾಧ್ಯಾಯನಾಗುವುದೆಂದು?

“ಇದು ಸೇವೆಯಪ್ಪಾ, ಪುಣ್ಯದ ಕೆಲಸ” ಎನ್ನುವವರುಂಟು. “ನೀನು ಮನೆಯವನಂತೆ” ಎಂದು ಬೆನ್ನು ತಟ್ಟಿ ಓವರ್‌ಟೈಮು ನುಂಗುವ ಯಜಮಾನರನ್ನು ನಾವು ಕಂಡಿಲ್ಲವೇ? ಪುಣ್ಯವನ್ನು ತೋರಿಸಿದರೆ ಚಾಳಿನ ಬಾಡಿಗೆಗೆ ಜಮಾ ಆಗುವುದಿಲ್ಲ. ನಿಜ, ಈ ನಗರದಲ್ಲಿ ಸೇವಾಭಾವದಿಂದಲೇ ಹುಟ್ಟಿದ ದೊಡ್ಡ ಸಂಸ್ಥೆಗಳಿವೆ. ಶಿವಡಿಯ ಜೈ ವಕೀಲ್ ಶಾಲೆ 1944ರಷ್ಟು ಹಿಂದಿನದು. ಆದರೆ ಸ್ಥಾಪಕರ ಸೇವಾಭಾವ ಬೇರೆ, ಕೂಲಿಯವನ ಹೊಟ್ಟೆ ಬೇರೆ.

ಮೊನ್ನೆ ನಮ್ಮ ಸಂಘದ ಸದಸ್ಯರೊಬ್ಬರ ಮಗಳು, ವಿಶೇಷ ಶಿಕ್ಷಣದ ಬಿ.ಎಡ್. ಮಾಡಲೇ ಎಂದು ಕೇಳಿದಳು. ಬಾಂದ್ರಾದ ಅಲಿ ಯಾವರ್ ಜಂಗ್ ಸಂಸ್ಥೆಯಲ್ಲಿ ಅದು ಉಂಟು, ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲೂ ಉಂಟು. ಮಾಡು ಎಂದೆ. ಆದರೆ ಕರಾರಿಗೆ ಸಹಿ ಹಾಕುವ ಮೊದಲು ಅದರ ಪ್ರತಿಯನ್ನು ಕೇಳಿ ಪಡೆ, ಮೊದಲ ತಿಂಗಳಲ್ಲೇ ಯೂನಿಯನ್ನಿನ ಬಾಗಿಲು ತಟ್ಟು ಎಂದೂ ಹೇಳಿದೆ. ಇನ್ನು ನಮ್ಮ ಪಾಲಿನದು: ಮುಂದಿನ ಮಹಾಸಭೆಯಲ್ಲಿ ವಿಶೇಷ ಶಿಕ್ಷಕರನ್ನು ಖಾಯಂ ಮಾಡಬೇಕೆಂಬ ಠರಾವನ್ನು ನಾನು ಮಂಡಿಸುವವನಿದ್ದೇನೆ. ಆ ಅಡಿಗೆಯವರು ಅನುಮೋದಿಸಲು ಒಪ್ಪಿದ್ದಾರೆ.